ನಂದಲ್ಲ ಎಂದ ಗುಡ್ಡಮ್ಮನ ನಲವತ್ತೊಂದು ಹಾಡು

ಹಾಡು ಬರೆದವರು ಸತ್ತು ಅರವತ್ತು ವರ್ಷ ಕಳೆದರೆ ಆ ಹಾಡು ಎಲ್ಲರದು. ಇದು ಈ ದೇಶದ ಕಾನೂನು, ನನ್ನ ಅಭಿಪ್ರಾಯವಲ್ಲ. ಹಾಗಾದರೆ ಬರೆದವರ ಹೆಸರೇ ಇಲ್ಲದೆ ಬಾಯಿಂದ ಬಾಯಿಗೆ ಬಂದ ಹಾಡಿಗೆ ಯಾವ ಒಡೆಯ? ಇದನ್ನು ತಿಳಿಯಲು ವಕೀಲರು ಬೇಕಿಲ್ಲ. ಆದರೂ ಶಿಕಾರಿಪುರ ತಾಲ್ಲೂಕಿನ ಗುಡ್ಡಮ್ಮನವರು ಹಾಡಿದ ನಲವತ್ತೊಂದು ಹಾಡುಗಳು ಅಂತರ್ಜಾಲದಿಂದ ಒಂದೇ ಮಧ್ಯಾಹ್ನದಲ್ಲಿ ಇಲ್ಲವಾದವು. ಕಾರಣ ಕೇಳಿದರೆ, ಅವರು ಬೇರೆಯವರ ಸ್ವತ್ತು ಕದ್ದಿದ್ದಾರಂತೆ.

ಗುಡ್ಡಮ್ಮನವರಿಗೆ ಅರವತ್ತೆಂಟು ವರ್ಷ. ಅಂಜನಾಪುರದ ನಾಲೆ ಮಗ್ಗುಲಲ್ಲಿ ಮನೆ, ಮನೆ ಹಿಂದೆ ಕುರಿ ರೊಪ್ಪ. ಗಂಡ ಚಿಕ್ಕಬೀರಪ್ಪ ಭತ್ತ ಕೊಯ್ದ ಗದ್ದೆಗಳ ಮೇಲೆ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹೊರಗಿದ್ದರೆ ಇವರು ಜಗುಲಿಯಲ್ಲಿ ಕೂತು ಕಂಬಳಿಗೆ ಉಣ್ಣೆ ನೂಲುತ್ತಿದ್ದರು. ಕುರಿಯ ದನಿ ಕೇಳಿಯೇ ಹೆಸರು ಹೇಳುವ ಹೆಂಗಸು. ರೊಪ್ಪದಲ್ಲಿ ಮರಿಯೊಂದು ಅರಚಿದರೆ ತಲೆ ಎತ್ತದೆಯೇ, "ಕೆಂಚಿ ಮರಿ. ತಾಯಿ ಸಿಕ್ಕಿಲ್ಲ ಅದಕ್ಕೆ" ಎನ್ನುತ್ತಿದ್ದರು. ಹೋಗಿ ನೋಡಿದರೆ ಕೆಂಚಿ ಮರಿಯೇ.

ನೂಲಲು ಅಕ್ಕಪಕ್ಕದ ಹೆಂಗಸರೂ ಬರುತ್ತಿದ್ದರು. ಕೈ ನೂಲುತ್ತಿದ್ದರೆ ಬಾಯಿ ಹಾಡುತ್ತಿತ್ತು. ಆ ಜಗುಲಿಯಲ್ಲಿ ಒಂದು ಕಟ್ಟಳೆ. ಹಾಡುವ ಮುಂಚೆ ಆ ಹಾಡು ಯಾರಿಂದ ಬಂತು ಎಂದು ಹೇಳಬೇಕು. "ಇದು ನಂದಲ್ಲ, ಬಂದಳಿಕೆ ಊರಿನ ತಾಯಮ್ಮಂದು. ತಾಯಮ್ಮಂದೂ ಅಲ್ಲ, ಅವಳತ್ತೆದು." ಇಷ್ಟು ಹೇಳಿದ ಮೇಲೆಯೇ ಮೊದಲ ಸೊಲ್ಲು. ಹಾಡನ್ನು ನನ್ನದು ಎನ್ನುವುದು ಅಲ್ಲಿ ನಾಚಿಕೆಗೇಡು. ಒಮ್ಮೆ ಹೊಸದಾಗಿ ಮದುವೆಯಾಗಿ ಬಂದವಳೊಬ್ಬಳು ಜಂಬದಲ್ಲಿ, "ಇದು ನಾನೇ ಕಟ್ಟಿದ್ದು" ಎಂದಳಂತೆ. ಗುಡ್ಡಮ್ಮನವರ ಗೆಳತಿ ಲೋಕಮ್ಮ ಸುಮ್ಮನೆ ಎದ್ದು ನಿಂತು, "ಹಂಗಾದ್ರೆ ನಿನ್ನ ಟ್ರಂಕಿನಾಗೆ ಇಟ್ಟು ಬೀಗ ಹಾಕ್ಕ ತಾಯಿ, ನಮಗ್ಯಾಕೆ?" ಎಂದರು. ಆ ಹುಡುಗಿ ಮತ್ತೆ ಆ ಮಾತೆತ್ತಲಿಲ್ಲ.

ಸೊರಬದ ಕಡೆಯಿಂದ ಬಂದ ಸೊಸೆ ಸುಮಾ ಒಂದು ದಿನ ಫೋನ್ ಹಿಡಿದುಕೊಂಡು ಮುಂದೆ ಕೂತಳು.

"ಅತ್ತೆ, ನೀವು ಹಾಡಿ. ನಾನು ಇದ್ರಲ್ಲಿ ಹಿಡೀತೆ."

"ಹಿಡಿ ಹಿಡಿ. ಕುರಿ ಹಿಡಿಯಾಕೆ ಬರಲ್ಲ ನಿಂಗೆ, ಹಾಡು ಹಿಡೀತಾಳಂತೆ."

ಹಾಗೆ ಎರಡು ವರ್ಷದಲ್ಲಿ ನಲವತ್ತೊಂದು ಹಾಡು ವಿಡಿಯೋ ತಾಣವೊಂದಕ್ಕೆ ಏರಿದವು. ಫೋನ್ ತುಂಬಿದಾಗಲೆಲ್ಲ ಸುಮಾ, ಏರಿಸಿದ್ದನ್ನು ಫೋನಿನಿಂದ ಅಳಿಸುತ್ತಿದ್ದಳು. ಅಲ್ಲಿ ಇದ್ದೇ ಇರುತ್ತದಲ್ಲ ಎಂಬ ಧೈರ್ಯ. ನಾವೆಲ್ಲರೂ ಹಾಗೆ ನಂಬಿದವರೇ. ಬೇರೆಯವರ ಮನೆ ಅಟ್ಟದ ಮೇಲೆ ನಮ್ಮ ಪಾತ್ರೆ ಇಟ್ಟು ನಿಶ್ಚಿಂತೆಯಿಂದ ಮಲಗಿದವರು.

ಆಮೇಲೆ ಗುಡ್ಡಮ್ಮನವರ ಗಂಟಲಲ್ಲಿ ಗಡ್ಡೆಯಾಯಿತು. ಆಪರೇಷನ್ ಆಗಿ ಜೀವ ಉಳಿಯಿತು, ದನಿ ಹೋಯಿತು. ಈಗ ಅವರು ಮಾತಾಡಿದರೆ ಒಣ ಎಲೆ ಸರಿದಷ್ಟೇ ಸದ್ದು. ಕಿವಿ ಹತ್ತಿರ ಒಯ್ಯಬೇಕು. ಹಾಡು ಆ ವಿಡಿಯೋಗಳಲ್ಲಿ ಮಾತ್ರ ಉಳಿಯಿತು. ಹೊಸದಾಗಿ ಕಲಿಯಲು ಬಂದವರಿಗೆ ಸುಮಾ ಫೋನ್ ಹಚ್ಚಿಡುವಳು. ಗುಡ್ಡಮ್ಮ ಪಕ್ಕದಲ್ಲಿ ಕೂತು, ಅವರು ತಪ್ಪಿದ ಕಡೆ ತೊಡೆ ತಟ್ಟಿ ತೋರಿಸುವರು. ತನ್ನದೇ ಹಳೆಯ ಗಂಟಲನ್ನು ಮುಂದಿಟ್ಟುಕೊಂಡು ಪಾಠ ಹೇಳುವ ಮುದುಕಿ. ನೋಡಲು ಸಂಕಟವಾದರೂ ಕೆಲಸ ನಡೆಯುತ್ತಿತ್ತು.

ಹೀಗಿರುವಾಗ ಒಂದು ಸಂತೆಯ ದಿನ ಅತ್ತೆ ಸೊಸೆ ಶಿರಾಳಕೊಪ್ಪಕ್ಕೆ ಹೋದರು. ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯಲ್ಲಿ ಜೋರಾಗಿ ಹಾಡು ಹಾಕಿದ್ದರು. ಎದೆ ನಡುಗುವ ಡಿಜೆ ಬಡಿತ, ಅದರ ನಡುವೆ ಒಂದು ಹೆಣ್ಣು ದನಿ. ಗುಡ್ಡಮ್ಮ ನಿಂತುಬಿಟ್ಟರು. ಸುಮಾಳ ಸೆರಗು ಎಳೆದು ಪಿಸುಗುಟ್ಟಿದರು:

"ಅದು ನಾನು ಕಣೆ."

"ಸುಮ್ನಿರಿ ಅತ್ತೆ. ನಿಮಗೆಂತದೋ ಭ್ರಮೆ. ಯಾರೋ ಪ್ಯಾಟೆಯೋರು ಹಾಡಿದ್ದು."

ಎರಡನೆಯ ನುಡಿ ಮುಗಿಯುವಾಗ ಡಿಜೆ ಬಡಿತದ ಸಂದಿಯಿಂದ ಒಂದು ಕುರಿಮರಿ ಅರಚಿತು.

"ಕೆಂಚಿ ಮರಿ! ಪ್ಯಾಟೆಯೋರ ಹತ್ರ ಕೆಂಚಿ ಮರಿ ಹೆಂಗೆ ಬಂತೇ?"

ಸುಮಾ ಅಂಗಡಿಯವನನ್ನು ಕೇಳಿದಳು. ಯಾವುದೋ ಆಡಿಯೋ ಕಂಪನಿ ಬಿಟ್ಟ ಹೊಸ 'ಜಾನಪದ ಧಮಾಕ' ಅದು. ಹಾಡಿದವರ ಹೆಸರಿನ ಜಾಗದಲ್ಲಿ ಕಂಪನಿಯ ಹೆಸರೇ ಇತ್ತು. ಸುಮಾಳಿಗೆ ಆಗ ಸಿಟ್ಟು ಬರಲಿಲ್ಲ. ಅತ್ತೆಯ ದನಿ ಶಿರಾಳಕೊಪ್ಪದ ಪೇಟೆಯಲ್ಲಿ ಮೊಳಗಿತಲ್ಲ ಎಂದು ಒಳಗೊಳಗೇ ಹಿಗ್ಗಿದಳು. ಹದಿನೈದು ದಿನಕ್ಕೆ ಅವಳ ಫೋನಿಗೆ ನೋಟಿಸ್ ಬಂತು: ನಿಮ್ಮ ವಿಡಿಯೋದಲ್ಲಿ ನಮ್ಮ ಹಾಡನ್ನು ಅನುಮತಿಯಿಲ್ಲದೆ ಬಳಸಿದ್ದೀರಿ, ತೆಗೆದುಹಾಕಲಾಗಿದೆ.

ಇದು ಹೇಗೆ ಸಾಧ್ಯ ಎಂದು ಕೇಳಬೇಡಿ. ಎರಡು ಹಾಡು ಒಂದೇ ಎಂದು ಯಂತ್ರ ಗುರುತಿಸುತ್ತದೆ. ಯಾರು ಮೊದಲು ಒಡೆತನದ ಕಾಗದ ಬರೆಸಿದರೋ ಅವರ ಕಡೆ ತೀರ್ಪು ಕೊಡುತ್ತದೆ. ಮೊದಲು ಹಾಡಿದವರು ಯಾರು ಎಂಬುದು ಅದಕ್ಕೆ ಬೇಕಿಲ್ಲ.

ಮರುವಾರ ಫೋನ್ ಬಂತು. ಕಂಬಳಿ ಬೇಕಾದವರಿಗೆಂದು ಸುಮಾ ತನ್ನ ನಂಬರನ್ನು ವಿಡಿಯೋ ಕೆಳಗೆ ಹಾಕಿದ್ದಳು. ಅವಳು ರೊಪ್ಪದಲ್ಲಿದ್ದಾಗ ಗುಡ್ಡಮ್ಮ ಫೋನ್ ಎತ್ತಿದರು. ಆ ಕಡೆ ಬೆಣ್ಣೆಯಂಥ ಮಾತು.

"ನಮಸ್ಕಾರ ಅಮ್ಮಾ. ನಿಮ್ಮ ಹಾಡುಗಳು ಬಹಳ ಚೆನ್ನಾಗಿವೆ. ಮೊದಲನೇದು ಇದೆಯಲ್ಲ, ಅದು ನಿಮ್ಮದೇನಾ?"

"ಇಲ್ಲಪ್ಪ, ನಂದಲ್ಲ. ಬಂದಳಿಕೆ ತಾಯಮ್ಮಂದು."

"ಅವರು ಇದ್ದಾರಾ?"

"ಅವಳು ಹೋಗಿ ಭಾಳ ವರ್ಷ ಆತು."

"ಎರಡನೇದು?"

"ಅದೂ ನಂದಲ್ಲ."

ಅವನು ನಲವತ್ತೊಂದನ್ನೂ ಒಂದೊಂದಾಗಿ ಕೇಳಿದ. ಗುಡ್ಡಮ್ಮ ಒಂದೊಂದಕ್ಕೂ ನಂದಲ್ಲ ಎಂದರು, ಬಂದ ದಾರಿ ಹೇಳಿದರು. ನೋಯುವ ಗಂಟಲಲ್ಲಿ ಮುಕ್ಕಾಲು ಗಂಟೆ. ಸುಮಾ ಬಂದಾಗ ಅವರ ಮುಖ ಅರಳಿತ್ತು. "ಯಾರೋ ಪದ್ಧತಿ ಬಲ್ಲೋನು ಕಣೆ. ಒಂದೊಂದರ ಹುಟ್ಟು ಕೇಳಿದ. ಈಗಿನ ಕಾಲದಾಗೆ ಯಾರು ಕೇಳ್ತಾರೆ?"

ಸುಮಾ ಹಣೆ ಹಿಡಿದುಕೊಂಡು ಕೂತಳು. "ಅತ್ತೆ, ಎಂತಕ್ಕೆ ಹಂಗಂದ್ರಿ? ಅವ ಅದನ್ನ ರೆಕಾರ್ಡ್ ಮಾಡ್ಕಂಡಿರ್ತ."

"ಮಾಡ್ಕಳ್ಳಲಿ. ಸುಳ್ಳೇನು ಹೇಳಿಲ್ಲಲ್ಲ."

ಒಂದೇ ವಾರದಲ್ಲಿ ಕಂಪನಿಯಿಂದ ಇನ್ನೆರಡು ದೂರು ಬಿದ್ದವು. ಹಾಡು ತಮ್ಮದಲ್ಲವೆಂದು ಹಾಡಿದವರೇ ಒಪ್ಪಿದ್ದಾರೆ ಎಂಬ ಒಕ್ಕಣೆ ಎರಡರಲ್ಲೂ ಇತ್ತು. ದೂರು ಮೂರಾದ್ದರಿಂದ, ಏಳು ದಿನದೊಳಗೆ ಆಕ್ಷೇಪ ಸಲ್ಲಿಸದಿದ್ದರೆ ಇಡೀ ಖಾತೆ ಶಾಶ್ವತವಾಗಿ ಅಳಿಯುತ್ತದೆ ಎಂದು ತಾಣದವರು ತಿಳಿಸಿದರು.

ಊರಿನಲ್ಲಿ ಬೇರೆಯೇ ಗುಸುಗುಸು ಹುಟ್ಟಿತು. ಶಿರಾಳಕೊಪ್ಪದಲ್ಲಿ ಡಿಜೆ ಹಾಡು ಕೇಳಿದವರು, ಸೊಸೆ ಕಂಪನಿಗೆ ಹಾಡು ಮಾರಿಕೊಂಡಳು ಎಂದರು. ಲೋಕಮ್ಮ ನೂಲಲು ಬರುವುದನ್ನು ಬಿಟ್ಟರು. ಸುಮಾ ಬಾವಿಕಟ್ಟೆಯಲ್ಲಿ ಎದುರಾದಾಗ, "ಅತ್ತೆ ಗಂಟ್ಲು ಹೋದ್ಮ್ಯಾಲೆ ಅದರ ಬೆಲೆ ಗೊತ್ತಾತೇನೆ?" ಎಂದು ಕುಟುಕಿದರು. ನೋಡಿ ಇದರ ಹುನ್ನಾರ. ಕಸಿದುಕೊಂಡವನ ಮುಖವನ್ನು ಯಾರೂ ಕಂಡಿಲ್ಲ. ಅನುಮಾನವೆಲ್ಲ ಕಣ್ಣೆದುರಿಗಿರುವ ಸೊಸೆಯ ಮೇಲೆ.

ಸುಮಾ ತವರಿನ ಕಡೆಯ ಆನಂದಪ್ಪ ಮೇಷ್ಟ್ರ ಬಳಿ ಓಡಿದಳು. ನಿವೃತ್ತರಾದ ಮೇಷ್ಟ್ರು ಆ ಹೊತ್ತಿಗೆ ಸೊರಬದಲ್ಲಿ ಸಹಿ ಸಂಗ್ರಹಿಸುತ್ತಿದ್ದರು. ಅಂತರ್ಜಾಲದ ಹಕ್ಕುಸ್ವಾಮ್ಯ ಕಾನೂನನ್ನು ಇನ್ನೂ ಬಿಗಿ ಮಾಡಿ ಎಂದು ಕೆಲವು ಕಂಪನಿಗಳು ಸರ್ಕಾರದ ಬೆನ್ನು ಬಿದ್ದಿದ್ದವು. ಜನ ಏನನ್ನು ಹಾಕಬೇಕಾದರೂ ಯಂತ್ರ ಮೊದಲು ಜರಡಿ ಹಿಡಿಯಬೇಕು, ದೂರು ಬಂದರೆ ವಿಚಾರಣೆ ಇಲ್ಲದೆ ಕಿತ್ತುಹಾಕಬೇಕು, ಹಂಚಿಕೊಂಡವರಿಗೂ ದಂಡ ಹಾಕಬೇಕು ಎನ್ನುವುದು ಅವರ ಬೇಡಿಕೆ. ಇದನ್ನು ವಿರೋಧಿಸಲು ಮೇಷ್ಟ್ರು ಸಭೆ ಕರೆದಿದ್ದರು. ಸುಮಾ ಅತ್ತೆಯನ್ನು ಬಸ್ ಹತ್ತಿಸಿ ಅಲ್ಲಿಗೆ ಕರೆತಂದಳು.

ನಲವತ್ತು ಜನ ಸೇರಿದ್ದರು. ಸಹಿ ಹಾಳೆ ಕಂಡೊಡನೆ ಎಲ್ಲರ ಕೈ ಜೇಬಿನೊಳಗೆ ಅಡಗಿತು.

"ಇದು ಯಾವ ಪಾರ್ಟಿದು ಮೇಷ್ಟ್ರೇ?" ಒಬ್ಬರು ಕೇಳಿದರು.

"ಯಾವುದೂ ಅಲ್ಲ ಮಾರಾಯ."

"ಆಧಾರ್ ನಂಬರ್ ಬೇಕನಾ? ಓಟಿಪಿ ಬರ್ತದನಾ?"

"ಹೆಬ್ಬೆಟ್ಟು ಒತ್ತಿಸ್ಕಂಡು ಪಹಣಿ ತಿದ್ದೋ ಆಟ ಅಲ್ಲ ತಾನೇ?" ಹಿಂದಿನಿಂದ ಇನ್ನೊಂದು ದನಿ.

ನಗಬೇಡಿ. ನಮ್ಮ ಜನ ಕಾಗದಕ್ಕೆ ಹೆದರುವುದು ದಡ್ಡತನದಿಂದಲ್ಲ, ಅನುಭವದಿಂದ.

ಶಿರಾಳಕೊಪ್ಪದ ಬಟ್ಟೆ ವ್ಯಾಪಾರಿ ಮಹೇಶ್ವರಪ್ಪ ಎದ್ದು ನಿಂತರು. "ಅಲ್ರೀ ಮೇಷ್ಟ್ರೇ, ಕಾನೂನು ಬಿಗಿಯಾದ್ರೆ ಹೆದರಬೇಕಾದ್ದು ಕಳ್ಳ. ನಮ್ಮಕ್ಕನ ಮಗ ಹಾಡು ಬರೀತಾನೆ. ಕದ್ದು ಹಾಕ್ತಾರೆ, ಅವನ ಹೆಸರೇ ಇರಲ್ಲ. ಅವನಿಗೆ ರಕ್ಷಣೆ ಬೇಡೇನ್ರೀ?"

ಪ್ರಶ್ನೆ ನ್ಯಾಯವಾದದ್ದೇ. ಬರೆದವರಿಗೆ, ಹಾಡಿದವರಿಗೆ ರಕ್ಷಣೆ ಬೇಕು. ಮೇಷ್ಟ್ರು ಉತ್ತರವಾಗಿ ಗುಡ್ಡಮ್ಮನವರನ್ನು ಮುಂದೆ ಕೂರಿಸಿ ನಡೆದದ್ದನ್ನು ಹೇಳಿದರು. ಫೋನಿನಲ್ಲಿ ಡಿಜೆ ಹಾಡನ್ನೂ ಹಾಕಿದರು. ಮರಿ ಅರಚಿತು.

"ಹಂಗಾರೆ ಕೋರ್ಟಿಗೆ ಕುರಿ ಬಂದು ಸಾಕ್ಷಿ ಹೇಳ್ಬೇಕಾ?" ಎಂದು ಮಹೇಶ್ವರಪ್ಪ ನಕ್ಕರು. ಸಭೆಯೂ ನಕ್ಕಿತು. ಗುಡ್ಡಮ್ಮ ನಗಲಿಲ್ಲ. ಅವರನ್ನು ನೋಡಿ ಮಹೇಶ್ವರಪ್ಪನವರ ನಗೆಯೂ ಅರ್ಧಕ್ಕೆ ನಿಂತಿತು.

ಮೇಷ್ಟ್ರು ಆಕ್ಷೇಪದ ಅರ್ಜಿಯನ್ನು ತುಂಬಿ ಸಿದ್ಧಮಾಡಿದ್ದರು. ಅದರಲ್ಲಿ ಒಂದೇ ಸಾಲು ಮುಖ್ಯ: ಈ ಹಾಡುಗಳ ಒಡೆತನ ನನ್ನದು ಎಂದು ಪ್ರಮಾಣ ಮಾಡುತ್ತೇನೆ.

"ಇಲ್ಲಿ ಹೌದು ಅಂದ್ಬಿಡಿ ಅಮ್ಮಾ. ಹಾಡು ವಾಪಸ್ ಬರ್ತದೆ."

ಗುಡ್ಡಮ್ಮ ತಲೆ ಅಲ್ಲಾಡಿಸಿದರು. ಸುಮಾ ಅವರ ಬಾಯಿಗೆ ಕಿವಿಯಿಟ್ಟು ಕೇಳಿ, ಸಭೆಗೆ ಜೋರಾಗಿ ಹೇಳುತ್ತ ಹೋದಳು.

"ಹಾಡು ನಂದಲ್ಲ ಅಂತಾರೆ."

"ಗೊತ್ತು ಅಮ್ಮಾ. ಕಾಗದದ ಮೇಲಷ್ಟೇ."

"ಕಾಗದದ ಮೇಲೂ ಸುಳ್ಳು ಸುಳ್ಳೇ ಅಂತಾರೆ. ನಂದು ಅಂದ್ಬಿಟ್ರೆ ತಾಯಮ್ಮನ ಮನೆಯೋರು ಹಾಡೋ ಹಂಗಿಲ್ಲ, ಲೋಕಿ ಹಾಡೋ ಹಂಗಿಲ್ಲ. ನಾನೂ ಆ ಕಂಪನಿಯೋನ ಥರ ಆದೆ ಅಂತಾರೆ."

ಗುಡ್ಡಮ್ಮ ಮತ್ತೆ ಸೊಸೆಯ ಕಿವಿ ಎಳೆದರು. ಸುಮಾ ಕೇಳಿ, ಈ ಸಲ ಎದ್ದು ನಿಂತು ಹೇಳಿದಳು.

"ಹಾಡು ನಂದಲ್ಲ, ಗಂಟ್ಲು ನಂದು. ಅಷ್ಟು ಬರೀರಿ ಅಂತಾರೆ."

ಓದು ಬರಹ ಕಲಿಯದ ಆ ಹೆಂಗಸು ಹೇಳಿದ್ದು ಕಾನೂನಿನಲ್ಲೇ ಇದೆ. ಹಾಡು ಯಾರದೇ ಇರಲಿ, ಹಾಡಿದವರಿಗೆ ತಮ್ಮ ಹಾಡಿಕೆಯ ಮೇಲೆ ಬೇರೆ ಹಕ್ಕಿದೆ. ಮೇಷ್ಟ್ರು ಪ್ರಮಾಣದ ಸಾಲನ್ನು ಹೊಡೆದುಹಾಕಿ ಹಾಗೆಯೇ ಬರೆದರು. ಅರ್ಜಿ ಹೋಯಿತು. ನಾಲ್ಕೇ ನಿಮಿಷಕ್ಕೆ ಉತ್ತರ ಬಂತು: ನಿಮ್ಮ ಆಕ್ಷೇಪ ನಿಗದಿತ ನಮೂನೆಯಲ್ಲಿಲ್ಲ. ಯಾವ ಮನುಷ್ಯ ಅದನ್ನು ಓದಿದ? ಯಾವ ಊರಿನಲ್ಲಿ ಕೂತು, ಯಾವ ಭಾಷೆ ಬಲ್ಲವನು? ಮೇಷ್ಟ್ರು ಮತ್ತೆ ಮೂರು ಸಲ ಬರೆದರು. ಮೂರು ಸಲವೂ ಅಕ್ಷರ ಬದಲಾಗದ ಅದೇ ಉತ್ತರ. ಎಂಟನೆಯ ದಿನ ಮಧ್ಯಾಹ್ನ ಸುಮಾ ಫೋನ್ ತೆಗೆದಾಗ ನಲವತ್ತೊಂದು ಹಾಡಿನ ಜಾಗದಲ್ಲಿ ಬೂದು ಬಣ್ಣದ ಖಾಲಿ ಪರದೆ ಇತ್ತು.

ಡಿಜೆ ಹಾಡು ಈಗಲೂ ಇದೆ. ಶಿರಾಳಕೊಪ್ಪದಲ್ಲಿ ಈಗಲೂ ಮೊಳಗುತ್ತಿದೆ.

ಈಗಿರುವ ಕಾನೂನಿನಲ್ಲೇ ಇಷ್ಟು ನಡೆಯುತ್ತದೆ. ಇದನ್ನು ಇನ್ನೂ ಬಿಗಿ ಮಾಡಿ ಎನ್ನುವವರ ಮೇಲೆ ನನಗೆ ಅನುಮಾನ. ಕಲಾವಿದರ ಹೆಸರು ಹೇಳಿಕೊಂಡು ಬರುವ ಇವರು ಒಬ್ಬ ಕಲಾವಿದೆಯ ಗಂಟಲನ್ನೇ ನುಂಗಿ ನೀರು ಕುಡಿದಿದ್ದಾರೆ. ಬಿಗಿಯಾಗುವ ಹಗ್ಗದ ಇನ್ನೊಂದು ತುದಿ ಯಾರ ಕೈಯಲ್ಲಿದೆ ಎಂದು ನೋಡದೆ ಚಪ್ಪಾಳೆ ತಟ್ಟುವವರ ಮೇಲೂ ಅನುಮಾನ.

ಸಭೆಯ ಸುದ್ದಿ ಊರಿಗೆ ಮುಟ್ಟಿತು. ಖಾತೆ ಹೋದ ಮೂರನೆಯ ದಿನ ಲೋಕಮ್ಮ ಬಂದರು. ಸುಮಾಳ ಮುಖ ನೋಡದೆ ತಮ್ಮ ಹಳೆಯ ಫೋನನ್ನು ಜಗುಲಿಯ ಮೇಲಿಟ್ಟರು.

"ನಿಮ್ಮತ್ತೆ ಹಾಡು ನೀನು ವಾಟ್ಸಾಪಿನಾಗೆ ಕಳಿಸ್ತಿದ್ಯಲ್ಲ, ನೋಡೇ. ನಂಗೆ ಡಿಲೀಟ್ ಮಾಡಾಕೆ ಬರಲ್ಲ. ಹಂಗೇ ಬಿದ್ದೈತೇನೋ."

ಹನ್ನೊಂದು ಹಾಡು ಹಾಗೇ ಬಿದ್ದಿದ್ದವು. ಸುಮಾ ಒಂದನ್ನು ಹಚ್ಚಿದಳು. ಗುಡ್ಡಮ್ಮ ಕಣ್ಣು ಮುಚ್ಚಿ ಕೇಳಿದರು. ಲೋಕಮ್ಮ ಉಣ್ಣೆ ಕೈಗೆತ್ತಿಕೊಂಡು, "ಬ್ಯಾಸ್ರ ಮಾಡ್ಕಬ್ಯಾಡ ಕಣೇ ಸುಮಾ" ಎಂದರು. ಅಷ್ಟೇ ಮಾತು.

ಆಮೇಲೆ ಸಭೆಗೆ ಬಂದವರು ತಂತಮ್ಮ ಫೋನು ಹುಡುಕಿದರು. ಎಂಟು ಹಾಡು ಸಿಕ್ಕವು. ಅದರಲ್ಲಿ ಎರಡನ್ನು ಕಳಿಸಿದ್ದು ಮಹೇಶ್ವರಪ್ಪನವರ ಹೆಂಡತಿ ವೀರಮ್ಮ. ಒಟ್ಟು ಹತ್ತೊಂಬತ್ತು ಹಾಡು ಮನೆಗೆ ಬಂದಿವೆ. ಬಂದದ್ದು ಹೇಗೆ? ಅನುಮತಿ ಕೇಳದೆ ಜನ ಒಬ್ಬರಿಂದೊಬ್ಬರಿಗೆ ಕಳಿಸಿದ್ದರಿಂದ. ಕಂಪನಿಗಳು ಕೇಳುವ ಕಾನೂನು ಬಂದರೆ ಲೋಕಮ್ಮನ ಫೋನು ಕಳ್ಳಮಾಲು, ಲೋಕಮ್ಮ ಅಪರಾಧಿ.

ಇನ್ನೂ ಇಪ್ಪತ್ತೆರಡು ಹಾಡು ಸಿಕ್ಕಿಲ್ಲ. ಗುಡ್ಡಮ್ಮನವರು ಅವನ್ನು ಮತ್ತೆ ಹಾಡಲಾರರು. ಶಿಕಾರಿಪುರ, ಸೊರಬ, ಶಿರಾಳಕೊಪ್ಪದ ಕಡೆಯ ನಿಮ್ಮ ನೆಂಟರು ಎಂದೋ ಕಳಿಸಿದ, ನೀವು ತೆರೆದು ನೋಡದ ವಿಡಿಯೋಗಳಲ್ಲಿ ಒಂದಾದರೂ ಇರಬಹುದು. ಈ ಪತ್ರಿಕೆಯನ್ನು ಪಕ್ಕಕ್ಕಿಡಿ. ಫೋನ್ ತೆಗೆಯಿರಿ, ಹುಡುಕಿ. ಸಿಕ್ಕಿದ್ದನ್ನು ಯಾರಪ್ಪನ ಅಪ್ಪಣೆಗೂ ಕಾಯದೆ ಸುಮಾಳಿಗೆ ಕಳಿಸಿ.