ಸಾವನ್ನು ದಾರಿ ತಪ್ಪಿಸಿದ ಹೆಸರು

ನನ್ನ ಭಾವ ಹಯೀಮ್ ಬೇತ್ ಶೆಆನ್ ಊರಿನಲ್ಲಿ ಸೀಮೆಎಣ್ಣೆ ಸ್ಟೌ ರಿಪೇರಿ ಮಾಡುತ್ತಿದ್ದ. ಮೊಂಡ ಮನುಷ್ಯ. ಅಕ್ಕ ತೀರಿಕೊಂಡ ಮೇಲೂ ನಮ್ಮಿಬ್ಬರ ಜಗಳ ನಿಲ್ಲಲಿಲ್ಲ. ಅವನ ಹೆಸರಿನ ವಿಷಯಕ್ಕೆ ಮಾತ್ರ ನಾನು ಬಾಯಿ ಹಾಕುತ್ತಿರಲಿಲ್ಲ.

ಮೊರಾಕ್ಕೊದ ಬೆಟ್ಟದ ಹಳ್ಳಿಯಲ್ಲಿ ಹುಟ್ಟಿದಾಗ ಅವನಿಗೆ ಇಟ್ಟದ್ದು ಅಮ್ರಾಮ್ ಎಂದು. ಎಳವೆಯಲ್ಲಿ ಜ್ವರ ಬಂದು ಇನ್ನು ಉಳಿಯುವುದಿಲ್ಲ ಎನ್ನುವಾಗ, ನಮ್ಮ ಯೆಹೂದಿಗಳ ಪದ್ಧತಿಯಂತೆ ಧರ್ಮಗುರು ರಬ್ಬಿ ಬಂದು ಹೆಸರು ಬದಲಿಸಿದರು. ಹಯೀಮ್ ಎಂದರೆ ಜೀವ, ಬದುಕು. ಅಮ್ರಾಮನನ್ನು ಹುಡುಕಿಕೊಂಡು ಬರುವ ಮೃತ್ಯುದೂತನಿಗೆ ಆ ಮನೆಯಲ್ಲಿ ಆ ಹೆಸರಿನವರು ಯಾರೂ ಸಿಗಬಾರದೆಂದು. ತಾಯಿ ಆಮೇಲೆ ಆ ಹಳೆಯ ಹೆಸರನ್ನು ಬಾಯಿಗೆ ತರಲೇ ಇಲ್ಲ. ಭಾವ ಮುಂದೆ ಮಹಡಿಯಿಂದ ಬಿದ್ದ, ಸ್ಟೌ ಸಿಡಿದು ಹುಬ್ಬು ಸುಟ್ಟುಕೊಂಡ. ಪ್ರತಿ ಸಲವೂ ಎದ್ದು ಕೂತು, "ಹೆಸರು ಕಾಪಾಡ್ತು" ಅನ್ನುತ್ತಿದ್ದ.

ಅವನ ಮಗ ಎಲಿಗೆ ಗಂಡು ಮಗುವಾಯಿತು. ಬದುಕಿರುವ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ಮೊರಾಕ್ಕೊದಿಂದ ಬಂದ ನಮ್ಮಲ್ಲಿ ಮರ್ಯಾದೆ. ಸೊಸೆ ಪ್ನಿನಾ ಪೋಲೆಂಡಿನಿಂದ ಬಂದ ಯೆಹೂದಿಗಳ ಮಗಳು. ಅವರಲ್ಲಿ ಅದು ಕೂಡದು. ಒಂದೇ ಮನೆಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಮುದುಕನಿಗಾಗಿ ಬಂದ ದೂತ ತಪ್ಪಿ ಮಗುವನ್ನು ಎತ್ತಿಕೊಂಡು ಹೋಗುತ್ತಾನೆಂಬ ಭಯ. ಮಗುವಿಗೋ ಕಾಮಾಲೆ. ಎಂಟನೇ ದಿನದ ಸುನ್ನತಿ ಮುಂದಕ್ಕೆ ಹೋಯಿತು. ಹೆಸರಿಡುವುದೂ ಅಂದೇ ಆದ್ದರಿಂದ ಕೂಸು ಹೆಸರಿಲ್ಲದೆ ಆಸ್ಪತ್ರೆಯ ದೀಪದ ಕೆಳಗೆ ಮಲಗಿತ್ತು.

ಕೊನೆಗೆ ಡಾಕ್ಟರು ಸುನ್ನತಿಗೆ ಒಪ್ಪಿದರು. ಆ ಬೆಳಿಗ್ಗೆ ಪುದೀನ ಚಹಾವನ್ನು ಯಾರೂ ಮುಟ್ಟಲಿಲ್ಲ.

"ಮಾವ, ನಿಮ್ ಮೇಲೆ ಸಿಟ್ಟಿಲ್ಲ," ಎಂದಳು ಪ್ನಿನಾ. "ಮಗು ಇನ್ನೂ ಗುಬ್ಬಚ್ಚಿ ಥರ ಇದೆ. ನಿಮ್ ಹೆಸರಿಟ್ರೆ ನಾನು ನಿದ್ದೆ ಮಾಡಲ್ಲ."

"ಅದಕ್ಕಿಂತ ಒಳ್ಳೇ ಹೆಸರು ಯಾವುದಿದೆಯಮ್ಮ? ಸಾಯೋನನ್ನ ಎಳ್ಕೊಂಡು ಬಂದಿದೆ ಅದು."

"ಒಬ್ಬರನ್ನ ಕಾಯತ್ತೆ ಮಾವ. ಇಬ್ಬರನ್ನಲ್ಲ."

ನಾನು ಎಲಿಯ ಕಡೆ ತಿರುಗಿ, "ನೀನೇನೋ, ಬಾಯಿಗೆ ಬೀಗ ಹಾಕ್ಕೊಂಡಿದೀಯಾ?" ಎಂದೆ. ಅವನು ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದ.

ಪ್ರಾರ್ಥನಾ ಮಂದಿರದಲ್ಲಿ ಮಗು ಭಾವನ ತೊಡೆಯ ಮೇಲಿತ್ತು. ಸುನ್ನತಿ ಮುಗಿಯಿತು. ದ್ರಾಕ್ಷಾರಸದ ಬಟ್ಟಲು ಹಿಡಿದು ರಬ್ಬಿ ಎಲಿಯನ್ನು ಕೇಳಿದರು: "ಹೆಸರೇನಪ್ಪ?"

ಎಲಿ ಅಪ್ಪನನ್ನು ನೋಡಿದ, ಹೆಂಗಸರ ಕಡೆಯ ಪರದೆಯನ್ನು ನೋಡಿದ. ಪರದೆಯ ಹಿಂದೆ ಪ್ನಿನಾ ಬಿಕ್ಕುವುದು ಎಲ್ಲರಿಗೂ ಕೇಳುತ್ತಿತ್ತು. ಆ ಮುದುಕನ ಹಟಕ್ಕೆ ನನಗೆ ಮೈಯೆಲ್ಲ ಉರಿಯಿತು.

"ರಬ್ಬಿ, ಮೊದ್ಲು ನನ್ ಹೆಸರು ಬದಲಾಯ್ಸಿ," ಎಂದ ಭಾವ.

"ಏನಂದೆ?"

"ನಾನು ಅಮ್ರಾಮ್. ಮನೇಲಿ ಒಬ್ನೇ ಹಯೀಮ್ ಇರ್ಲಿ. ಇವನು."

ನಾನು ಮುಂದಕ್ಕೆ ನುಗ್ಗಿದೆ. "ಭಾವ, ಹುಚ್ಚು ಹಿಡೀತಾ ನಿಂಗೆ? ಅಮ್ರಾಮ್‌ನ ಆ ದೂತ ಇನ್ನೂ ಹುಡುಕ್ತಾ ಇದ್ರೆ?"

"ಹುಡುಕ್ಲಿ. ಬೇಕಾದ್ರೆ ನೀನೇ ಅಂಗಡಿ ವಿಳಾಸ ಕೊಡು."

ಮಾತು ದೊಡ್ಡದಾಗಿತ್ತು. ಕೈ ಮಾತ್ರ ಮಗುವಿನ ದಿಂಬನ್ನು ಬಿಗಿಯಾಗಿ ಹಿಡಿದಿತ್ತು. ರಬ್ಬಿ ಪರದೆಯ ಕಡೆ ನೋಡಿದರು. ಪರದೆಯ ಅಂಚು ಸರಿಸಿ ಪ್ನಿನಾ, "ಆಗ್ಲಿ" ಎಂದಳು.

ರಬ್ಬಿ ಮೊದಲು ಮುದುಕನಿಗೆ ಹಳೆಯ ಹೆಸರು ಕೊಟ್ಟರು, ಆಮೇಲೆ ಮಗುವಿಗೆ ಹಯೀಮ್ ಎಂದು ಕೂಗಿದರು. ತುಟಿಗೆ ತಾಗಿಸಿದ ದ್ರಾಕ್ಷಾರಸವನ್ನು ಕೂಸು ಚೀಪಿತು.

ಊಟಕ್ಕೆ ಖಾರದ ಮೀನು ಬಡಿಸಿದರು. ಪ್ನಿನಾ ಮೊದಲ ತಟ್ಟೆ ಹಿಡಿದು ಬಂದು, "ಅಮ್ರಾಮ್ ಮಾವ," ಎಂದಳು.

ಅವನು ತಿರುಗಲಿಲ್ಲ. ಅವಳು ಇನ್ನೊಮ್ಮೆ, ಗಟ್ಟಿಯಾಗಿ ಕರೆದಳು.

ಭಾವ ಮೊದಲು ಬಾಗಿಲ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ, "ಇಲ್ಲೇ ಇದೀನಮ್ಮ," ಎಂದು ತಟ್ಟೆಗೆ ಕೈ ಚಾಚಿದ.