ಕಳಚಿದ ಕೇಬಲ್ಲಿನ ಉಸಿರು

ರಾತ್ರಿ ಎರಡು ಗಂಟೆ ನಲವತ್ತು ನಿಮಿಷ. ಕುವೈತಿನ ಒಂದು ಖಾಸಗಿ ಕ್ಲಿನಿಕ್‌ನ ಮೂರನೇ ಮಹಡಿ. ನಿದ್ದೆ ಪರೀಕ್ಷಿಸುವ ಕೋಣೆಗೂ ನಮ್ಮ ಮಾನಿಟರ್ ಕೋಣೆಗೂ ನಡುವಿನ ಬಾಗಿಲಲ್ಲಿ, ರಾತ್ರಿಪಾಳಿಯ ಟೆಕ್ನಿಷಿಯನ್ ನಾನು, ನಿಂತಿದ್ದೆ. ಎಡಗೈಯಲ್ಲಿ ಗೋಡೆಯಿಂದ ಕಳಚಿದ ಕೇಬಲ್ ಇತ್ತು. ಇಷ್ಟನ್ನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಮುಂದಿನದನ್ನೂ ಕಂಡ ಹಾಗೆಯೇ ಬರೆಯುತ್ತೇನೆ.

ಪರೀಕ್ಷೆಗೆ ಬಂದವರು ಸದಾಶಿವಣ್ಣ. ಉಡುಪಿ ಕಡೆಯವರು, ಶುವೈಖ್ ಬಂದರಿನಲ್ಲಿ ಕ್ರೇನ್ ಚಾಲಕ. ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ. ಒಂದು ರಾತ್ರಿಯ ಅಳತೆ ನಂಬುವಂತಿಲ್ಲ ಎಂದು ಡಾಕ್ಟರು ನಾಲ್ಕು ರಾತ್ರಿಗೆ ಯಂತ್ರ ಕೊಟ್ಟು, ಅರ್ದಿಯಾ ಬಡಾವಣೆಯ ಅವರ ರೂಮಿಗೇ ಕಳಿಸಿದ್ದರು. ಎರಡು ರಾತ್ರಿ ಗಂಟೆಗೆ ಐವತ್ತು ಸಲ ಉಸಿರು ನಿಂತಿತ್ತು. ಇನ್ನೆರಡು ರಾತ್ರಿ, ಒಂದು ಸಲವೂ ಇಲ್ಲ. ಏರಿಳಿತ ಇರುತ್ತದೆ. ಇಷ್ಟು ಇರುವುದಿಲ್ಲ.

ಆ ರೂಮುಗಳಲ್ಲಿ ಒಂದೇ ಮಂಚಕ್ಕೆ ಇಬ್ಬರು. ಒಬ್ಬ ಪಾಳಿಗೆ ಹೋದ ಮೇಲೆ ಇನ್ನೊಬ್ಬ ಬಂದು ಮಲಗುತ್ತಾನೆ. "ನಿಲ್ಲದ ಎರಡು ರಾತ್ರಿ ಯಂತ್ರದ ಬೆಲ್ಟನ್ನು ಜೊತೆಯವನಿಗೆ ಕಟ್ಟಿದ್ದಾರೆ," ಎಂದರು ಡಾಕ್ಟರು. ಫಿಟ್‌ನೆಸ್ ಕಾಗದ ಸಿಗದಿದ್ದರೆ ಸದಾಶಿವಣ್ಣನ ಕ್ರೇನ್ ಕೆಲಸ ಹೋಗುತ್ತಿತ್ತು. ಹಾಗಾಗಿ ಐದನೇ ರಾತ್ರಿ ನನ್ನ ಕಣ್ಣೆದುರು.

ಎದೆಗೂ ಹೊಟ್ಟೆಗೂ ಬೆಲ್ಟ್ ಕಟ್ಟುತ್ತಾ ಕೇಳಿದೆ, "ನಿಜ ಹೇಳಿ. ಆ ಎರಡು ರಾತ್ರಿ ಜೊತೆಯವನು ಮಲಗಿದ್ನಾ?"

"ಎಂತ ಸರ್... ಕರುಣಾಕರ ತೀರಿಹೋಗಿ ಮೂರು ತಿಂಗಳಾಯ್ತು. ಅದೇ ಮಂಚದಲ್ಲಿ, ನಿದ್ದೆಯಲ್ಲೇ. ಈಗ ನಾನೊಬ್ಬನೇ."

ಅಭ್ಯಾಸದ ನಿದ್ದೆ ಬರಲೆಂದು ಎಲ್ಲರಿಗೂ ಅವರವರ ದಿಂಬು ತರಲು ಹೇಳುತ್ತೇವೆ. ಸದಾಶಿವಣ್ಣನೂ ತಂದಿದ್ದರು. ಅದರಿಂದ ತೆಂಗಿನೆಣ್ಣೆಯ ಹಳೇ ವಾಸನೆ ಬರುತ್ತಿತ್ತು.

ನರ್ಸ್ ಲವೀನಾ ನಕ್ಕರು. "ಅಣ್ಣಾ, ನಿಮ್ಮ ತಲೆಯಲ್ಲಿ ಒಂದು ಕೂದಲಿಲ್ಲ. ಎಣ್ಣೆ ಯಾರಿಗೆ?"

"ಇದು ಅವನದ್ದು ಸಿಸ್ಟರ್. ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಎರಡೂವರೆವರೆಗೆ ಅವರ ಉಸಿರು ನಿಲ್ಲುತ್ತಲೇ ಇತ್ತು. ಇಪ್ಪತ್ತು ಸೆಕೆಂಡು... ಮೂವತ್ತು... ಆಮೇಲೆ ಗಂಟಲು ಹರಿಯುವಂಥ ಒಂದು ಗೊರಕೆ. ಕೊನೆಗೆ ಎಚ್ಚರವಾಗಿ ಬಾತ್‌ರೂಮಿಗೆ ಹೋಗಬೇಕೆಂದರು. ಬೆಲ್ಟ್‌ಗಳನ್ನು ಗೋಡೆಗೆ ಜೋಡಿಸಿದ್ದ ಕೇಬಲನ್ನು ಎರಡೂ ಕಡೆ ಕಳಚಿದೆ. ಮೈಮೇಲಿನ ಬೆಲ್ಟ್‌ಗಳ ಸಮೇತ ಅವರು ಹೋದರು. ನಲ್ಲಿಯ ನೀರಿನ ಸದ್ದು ಕೇಳಿಸಿತು.

"ಸರ್," ಲವೀನಾ ಪಿಸುಗುಟ್ಟಿದರು. "ಕೇಬಲ್ ತೆಗೆದ್ರಲ್ವಾ?"

"ಕೈಯಲ್ಲೇ ಇದೆ."

"ಹಾಗಾದ್ರೆ ಇದು ಯಾರದ್ದು?"

ಪರದೆಯಲ್ಲಿ ಉಳಿದ ಗೆರೆಗಳೆಲ್ಲ ಸಪಾಟಾಗಿದ್ದವು. ಎದೆಯ ಗೆರೆ, ಹೊಟ್ಟೆಯ ಗೆರೆ ಮಾತ್ರ ಏರುತ್ತಿದ್ದವು... ಇಳಿಯುತ್ತಿದ್ದವು. ಸ್ಪೀಕರಿನಲ್ಲಿ ಮೆಲುವಾದ ಉಸಿರು. ಕ್ಯಾಮೆರಾದಲ್ಲಿ ಖಾಲಿ ಹಾಸಿಗೆ, ನಡುವೆ ತಗ್ಗಾದ ದಿಂಬು. ಗಡಿಯಾರ ನೋಡಿ ಒಂದು ನಿಮಿಷ ಎಣಿಸಿದೆ. ಹದಿನಾಲ್ಕು ಉಸಿರು. ಎಲ್ಲೂ ನಿಲ್ಲಲಿಲ್ಲ.

ಸದಾಶಿವಣ್ಣ ಯಾವಾಗ ಬಂದು ನಮ್ಮ ಹಿಂದೆ ನಿಂತರೋ ಗೊತ್ತಾಗಲಿಲ್ಲ. ಪರದೆಯನ್ನೇ ನೋಡುತ್ತಿದ್ದರು.

"ಪಾಪ," ಎಂದರು. "ಅವನಿಗೆ ನಿದ್ದೆ ಬಂದಿದೆ."

ಹೋಗಿ ಮಲಗಿದರು. ನಾನು ಕೇಬಲನ್ನು ಮತ್ತೆ ಸಿಕ್ಕಿಸಿದೆ. ಬೆಳಗಿನವರೆಗೆ ಅವರ ಉಸಿರು ಒಮ್ಮೆಯೂ ನಿಲ್ಲಲಿಲ್ಲ.

ಇಡೀ ರಾತ್ರಿಯನ್ನು ಸೇರಿಸಿದ್ದರೆ ಸರಾಸರಿ ಇಳಿದು ಅವರಿಗೆ ಕಾಗದ ಸಿಗುತ್ತಿತ್ತೇನೋ. ನಾನು ಎರಡು ನಲವತ್ತರವರೆಗಿನದನ್ನು ಮಾತ್ರ ವರದಿಯಲ್ಲಿ ಬರೆದೆ. ಉಳಿದದ್ದು ಸದಾಶಿವಣ್ಣನ ಉಸಿರು ಎಂದು ಸಹಿ ಹಾಕಲು ಕೈ ಬರಲಿಲ್ಲ. ಅವರ ಕ್ರೇನ್ ಹೋಯಿತು.

ಈಗ ಅವರು ಒಂದು ಗೋದಾಮಿನ ಗೇಟಿನಲ್ಲಿ ಕಾವಲಿಗಿದ್ದಾರೆ. ಉಸಿರಿನ ಮಾಸ್ಕ್ ಕಟ್ಟಿಕೊಂಡು, ಅದೇ ದಿಂಬಿನ ಮೇಲೆ ಮಲಗುತ್ತಾರೆ. ಲವೀನಾ ರಾತ್ರಿಪಾಳಿ ಬಿಟ್ಟು ಅಹ್ಮದಿ ಊರಿನಲ್ಲಿ ಹಗಲು ಕೆಲಸ ಹಿಡಿದಿದ್ದಾರೆ. ಆ ರಾತ್ರಿ ಆ ಉಸಿರನ್ನು ಕಂಡವರು ನಾವು ಮೂವರು. ಮೂವರೂ ಬದುಕಿದ್ದೇವೆ.