ಬೀಗರ ಪದಕ್ಕೆ ಸಿಕ್ಕಿದವನು

ಮಧ್ಯಾಹ್ನ ಮೂರೂಕಾಲಿಗೆ ಎಲ್ಲ ಕೆಟ್ಟಿತು. ತೊಂಬತ್ತರ ದಶಕದ ಕೊನೆ. ಪದವಿ ಮುಗಿಸಿದ್ದ ನಾನು ಟಿ. ನರಸೀಪುರದ ಒಂದು ಸಣ್ಣ ಸಂಘಕ್ಕಾಗಿ ಹಳ್ಳಿಗಳ ಹಿರಿಯರ ನೆನಪುಗಳನ್ನು ಕ್ಯಾಸೆಟ್ಟಿಗೆ ತುಂಬಿಕೊಳ್ಳುತ್ತಿದ್ದೆ. ಹೆಮ್ಮಿಗೆ ಹತ್ತಿರದ ಒಂದೂರಿನಲ್ಲಿ, ಬಾವಿಕಟ್ಟೆಯ ಪಕ್ಕ ಕುಳಿತು ಕೇರಿಯ ಅಜ್ಜಿಯೊಬ್ಬರು ಹೇಳುತ್ತಿದ್ದರು: ಆ ಬಾವಿ ತೋಡಿದ್ದು ಅವರಪ್ಪ. ನೀರು ಬಂದ ಮೇಲೆ ಅದನ್ನು ಮುಟ್ಟಿದ್ದಕ್ಕೆ ಊರಿನ ಪಟೇಲ ಆ ಅಪ್ಪನನ್ನೇ ಕಂಬಕ್ಕೆ ಕಟ್ಟಿ ಹೊಡೆಸಿದ್ದ.

ಯಾರು ಸುದ್ದಿ ಮುಟ್ಟಿಸಿದರೋ, ಆ ಪಟೇಲನ ಮೊಮ್ಮಗ, ಪಂಚಾಯಿತಿ ಮೆಂಬರು, ಇಬ್ಬರನ್ನು ಕರೆದುಕೊಂಡು ಬಂದ.

"ಏನಮ್ಮೀ, ನಮ್ ತಾತನ್ ಮಾನ ತುಂಬ್ಕೊಂಡ್ ಓಗಕ್ಕೆ ಬಂದಿದ್ದೀಯಾ?"

ರೆಕಾರ್ಡರಿನಿಂದ ಕ್ಯಾಸೆಟ್ ಕಿತ್ತು, ಟೇಪನ್ನು ಬೆರಳಿಗೆ ಸುತ್ತಿ ಎಳೆದೆಳೆದು ಬಾವಿಗೆ ಎಸೆದ. ನಾನು ಅಡ್ಡ ಬಂದೆ. ಕತ್ತು ಹಿಡಿದು ನನ್ನನ್ನು ಕಟ್ಟೆಯ ಮೇಲಿಂದ ಬಗ್ಗಿಸಿದ. ಕಾಲು ನೆಲ ಬಿಟ್ಟಿತು.

"ಓಗು, ಎತ್ಕೊಂಬಾ."

ಜತೆಯವರು ನಕ್ಕರು. ಅಜ್ಜಿಯ ಕೂಗಿಗೆ ಕೇರಿಯವರು ಓಡಿಬಂದ ಮೇಲೆ ಬಿಟ್ಟ. ಇಂದಿಗೂ ಬಾವಿ ಕಂಡರೆ ಬಳಸಿ ನಡೆಯುತ್ತೇನೆ.

ದೂರು ಕೊಡೋಣವೆಂದರೆ ಸಂಘದವರು, "ನಾಳೆ ಊರೊಳಗೆ ಕೆಲಸ ನಡೀಬೇಕಲ್ಲಮ್ಮ" ಎಂದರು. ನಂಜನಗೂಡಿನ ಮನೆಯಲ್ಲಿ ಮಲಗಿದರೆ ಸಾಕು, ಕೆಳಗೆ ನೆಲವಿಲ್ಲವೆನಿಸಿ ಎಚ್ಚರವಾಗುತ್ತಿತ್ತು. ಅವನನ್ನೂ ಹಾಗೇ ಬಗ್ಗಿಸಬೇಕೆಂಬುದೊಂದೇ ಆಸೆ. ಅಜ್ಜಿಗೆ ಹೇಳಿದೆ.

"ಜೈಲಿಗೋಯ್ತೀಯ ಮಗಾ. ಇರು, ಅವನ್ನ ಪದಕ್ ಆಕ್ತೀನಿ."

ನಮ್ಮ ಕಡೆ ಮದುವೆ ಊಟಕ್ಕೆ ಕುಳಿತ ಬೀಗರನ್ನು ಹೆಂಗಸರು ಹಂಗಿಸಿ ಹಾಡುತ್ತಾರೆ, ಅದೇ ಬೀಗರ ಪದ. ಹಾಡಿಸಿಕೊಂಡವರು ಸಿಟ್ಟಾಗುವಂತಿಲ್ಲ, ಸಿಟ್ಟಾದರೆ ಇನ್ನಷ್ಟು ನಗೆಪಾಟಲು. ಅಜ್ಜಿ ಬಾವಿಯ ಕತೆಯನ್ನೆಲ್ಲ ಆ ವರಸೆಗೆ ಕಟ್ಟಿದರು: ತೋಡಿದವನು, ಹೊಡೆಸಿದವನು, ಅವನ ಮೊಮ್ಮಗ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಅದನ್ನು ಕವಲಂದೆಯವರೆಗೂ ಒಯ್ದರು.

ಚುನಾವಣೆ ಬಂತು. ಓಟು ಬೇಕಲ್ಲ, ಅವನು ಕೇರಿಯ ಮದುವೆಗೂ ಬಂದು ಬೀಗರ ಸಾಲಿನಲ್ಲಿ ಎಲೆಯ ಮುಂದೆ ಕುಳಿತ. ಅಜ್ಜಿ ಪದ ಎತ್ತಿಕೊಂಡರು:

"ಮುದುಕಿ ಮಾತ್ಗೆ ಎದ್ರಿ ಟೇಪಿನ ಕರುಳ್ ಕಿತ್ತೋನು
ಊಟಕ್ ಬಂದವ್ನೆ ನೋಡ್ರವ್ವಾ..."

ಕವಲಂದೆಯಿಂದ ಬಂದಿದ್ದ ಬೀಗಿತಿಯರಿಗೂ ಅದು ಬಾಯಿಪಾಠವಾಗಿತ್ತು. ಎಲ್ಲರೂ ದನಿಗೂಡಿಸಿದರು.

"ಯಾರ್ ಸಾ ಅದು, ಟೇಪ್ ಕಿತ್ತೋನು?" ಪಕ್ಕದ ಎಲೆಯವನು ಅವನನ್ನೇ ಕೇಳಿದ.

ಏಳುವಂತಿಲ್ಲ, ಬೈಯುವಂತಿಲ್ಲ. ಕಿವಿ ಕೆಂಪಾಗಿ ಅನ್ನ ಕಲೆಸುತ್ತಲೇ ಇದ್ದ. ನನಗೆ ಅಯ್ಯೋ ಅನ್ನಿಸಲಿಲ್ಲ. "ಇನ್ನೊಂದ್ಸಲ ಹೇಳವ್ವಾ" ಎಂದು ಕೂಗಿದವಳು ನಾನೇ, ಮಡಿಲಲ್ಲಿ ರೆಕಾರ್ಡರ್ ಓಡುತ್ತಿತ್ತು. ಅಂದು ಮಲಗಿದವಳು ಕಣ್ಣು ಬಿಟ್ಟಾಗ ಹಾಸಿಗೆಯ ಮೇಲೆ ಬಿಸಿಲು ಬಿದ್ದಿತ್ತು.